ಮುದ್ದೆ ಏನನ್ನು ನುಂಗುತ್ತಿದೆ?

ಜೂನ್ 19, 2025, ಗುರುವಾರ ರಾತ್ರಿ

ನಮ್ಮ ಶಾಲೆಯ ಮಕ್ಕಳು ಜಪಾನಿನ ಒಂದು ಶಾಲೆಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬರೆದು, ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅಲ್ಲಿನ ಒಬ್ಬ ಹುಡುಗಿಯ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ. ಒಂಬತ್ತನೇ ಕ್ಲಾಸಿನ ನಮ್ಮ ಹುಡುಗ ಬರೆದು ಕಳಿಸಿದ್ದು: ‘ಮುದ್ದೆ ಈಸ್ ನಾಟ್ ಚ್ಯೂಯಿಂಗ್. ಮುದ್ದೆ ಈಸ್ ಸ್ವಾಲೋಯಿಂಗ್.’ ಅವಳಿಂದ ಬಂದದ್ದು ಒಂದೇ ಸಾಲು: ‘ವಾಟ್ ಈಸ್ ಮುದ್ದೆ ಸ್ವಾಲೋಯಿಂಗ್?’

‘ಮುದ್ದೆ ಅಗಿಯೋದಲ್ಲ, ನುಂಗೋದು’ ಅಂದರೆ ಕನ್ನಡದಲ್ಲಿ ಮಾತು ಮುಗಿಯಿತು. ನುಂಗುವವರು ಯಾರೆಂದು ಹೇಳಬೇಕಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಹಾಗೇ ಜೋಡಿಸಿದರೆ ಮುದ್ದೆಯೇ ಬಾಯಿ ತೆರೆದು ಕೂರುತ್ತದೆ. ಹುಡುಗ ಎರಡು ಸಲ ಓದಿಕೊಂಡು, ‘ವಿ ಡೋಂಟ್ ಚ್ಯೂ ಇಟ್. ವಿ ಸ್ವಾಲೋ ಇಟ್’ ಅಂತ ತಾನೇ ತಿದ್ದಿದ. ಕೆಂಪು ಪೆನ್ನಿನಲ್ಲಿ ಎಷ್ಟು ಗೀಚಿದ್ದರೂ ಆ ‘ವಿ’ ಬರುತ್ತಿರಲಿಲ್ಲ. ಅದಕ್ಕೇ ಕಳಿಸುವ ಮುಂಚೆ ಮೇಷ್ಟ್ರು ತಿದ್ದಬಾರದು. ಪೂರ್ತಿ ಹೆಸರು, ಫೋನ್ ನಂಬರು, ಮನೆ ವಿಳಾಸ ಸೇರಿಕೊಂಡಿದೆಯೇ ಅಂತಷ್ಟೇ ನೋಡಬೇಕು. ತಿದ್ದಿ ಕಳಿಸಿದ ವಾಕ್ಯಕ್ಕೆ ಆ ಕಡೆಯಿಂದ ‘ನೈಸ್’ ಬರುತ್ತದೆ, ಪ್ರಶ್ನೆ ಬರುವುದಿಲ್ಲ.

ವಿಡಿಯೊ ಕಾಲ್ ಒಂದು ಹಬ್ಬ, ವರ್ಷಕ್ಕೆ ಎರಡು ಸಾಕು. ಇಬ್ಬರು ಮಾತಾಡುತ್ತಾರೆ, ಉಳಿದವರು ಕೈ ಬೀಸುತ್ತಾರೆ. ನಾಲಿಗೆ ತಿರುಗುವುದು 45 ಸೆಕೆಂಡಿನ ರೆಕಾರ್ಡಿಂಗಿನಲ್ಲಿ. ನಾಲ್ಕು ಮಕ್ಕಳಿಗೆ ಒಂದು ಫೋನು, ಕೈಯಲ್ಲಿ ನಾಲ್ಕೇ ಪದದ ಚೀಟಿ. ಪೂರ್ತಿ ವಾಕ್ಯ ಬರೆದುಕೊಂಡರೆ ಓದಿಬಿಡುತ್ತಾರೆ. ಫ್ಯಾನ್ ಆಫ್ ಮಾಡಿ, ಫೋನು ಬಾಯಿಂದ ಒಂದು ಗೇಣು ದೂರ. ಕೊನೆಗೆ ಒಂದು ಪ್ರಶ್ನೆ ಇರಲೇಬೇಕು, ಅದೂ ‘ಎಸ್’, ‘ನೋ’ದಲ್ಲಿ ಮುಗಿಯದಂಥದ್ದು.

ಜಪಾನಿನ ಮಕ್ಕಳೂ ಇಂಗ್ಲಿಷ್ ಕಲಿಯುತ್ತಿರುವವರೇ, ಅದೇ ಚೆನ್ನ. ‘ಎ’, ‘ದಿ’ಗಳು ಜಪಾನಿಯಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಅವರ ‘ಲೈಟ್’ ಎಷ್ಟೋ ಸಲ ‘ರೈಟ್’ ಥರ ಕೇಳಿಸುತ್ತದೆ, ನಮ್ಮವರ ‘ಎಗ್’ ‘ಯೆಗ್’ ಆಗುತ್ತದೆ. ‘ಇನ್ನೊಂದ್ಸಲ ಹೇಳು’ ಅನ್ನಲು ಯಾರಿಗೂ ಸಂಕೋಚವಿಲ್ಲ.

ಚಿಂತೆ ಕ್ಯಾಲೆಂಡರಿನದು. ಅವರ ಗಡಿಯಾರ ಮೂರೂವರೆ ಗಂಟೆ ಮುಂದೆ. ನಮ್ಮ ಹನ್ನೊಂದು ಅವರ ಎರಡೂವರೆ, ಹಾಗಾಗಿ ಕಾಲ್ ಏನಿದ್ದರೂ ಮಧ್ಯಾಹ್ನದ ಊಟಕ್ಕೆ ಮುಂಚೆಯೇ. ಜುಲೈ ಇಪ್ಪತ್ತರ ಸುಮಾರಿನಿಂದ ಅವರಿಗೆ ಬೇಸಿಗೆ ರಜೆ, ಆಗಸ್ಟ್ ಪೂರ್ತಿ ಸದ್ದಿಲ್ಲ. ಅವರು ಬಂದು ಕೆಲವೇ ವಾರಕ್ಕೆ ನಮಗೆ ದಸರಾ ರಜೆ. ಎರಡು ವಾರ ಉತ್ತರ ಬರದಿದ್ದರೆ ಮಕ್ಕಳು ಬರೆಯುವುದನ್ನೇ ಬಿಡುತ್ತಾರೆ. ಅವರ ರಜೆಗೆ ಈಗ ಉಳಿದಿರುವುದು ನಾಲ್ಕೇ ವಾರ.

ಹುಡುಗಿ ನಟ್ಟೊ ಬಗ್ಗೆ ಬರೆದಿದ್ದಾಳೆ. ಹುದುಗಿಸಿದ ಸೋಯಾ ಕಾಳು, ಅನ್ನದ ಮೇಲೆ ಹಾಕಿಕೊಂಡು ತಿನ್ನುತ್ತಾರೆ, ಎತ್ತಿದರೆ ನೂಲಿನ ಹಾಗೆ ಎಳೆ ಬರುತ್ತದೆ. ನಮ್ಮ ಹುಡುಗನಿಗೆ ‘ಲೋಳೆ’ಗೆ ಇಂಗ್ಲಿಷ್ ಪದ ಗೊತ್ತಿಲ್ಲ. ‘ಈಸ್ ಇಟ್ ಲೈಕ್ ಲೇಡೀಸ್ ಫಿಂಗರ್?’ ಅಂತ ಬರೆದಿಟ್ಟಿದ್ದಾನೆ. ಜಪಾನಿನಲ್ಲಿ ಬೆಂಡೆಕಾಯಿಗೆ ಓಕುರಾ ಅನ್ನುತ್ತಾರೆ. ‘ಲೇಡೀಸ್ ಫಿಂಗರ್’ ಅಂದರೆ ಅವಳು ಹೆಂಗಸಿನ ಬೆರಳು ಅಂದುಕೊಂಡು... ಇರಲಿ, ನಾಳೆ ಹಾಗೇ ಹೋಗಲಿ. ಜೊತೆಗೆ ಒಂದು ಚಿತ್ರ ಬರಿ ಅನ್ನಲೋ ಬೇಡವೋ