ಅನಿಮಲ್ ಹೌಸಿನಲ್ಲಿ ಸಕ್ಕರೆ ಪರೀಕ್ಷೆಯ ದಿನ

ಧಾರವಾಡದಲ್ಲಿ ಪ್ರಯೋಗದ ಇಲಿಗಳನ್ನು ಸಾಕುವ ಅನಿಮಲ್ ಹೌಸಿನಲ್ಲಿ ಗ್ಲೂಕೋಸ್ ಟಾಲರೆನ್ಸ್ ಪರೀಕ್ಷೆ (ಗ್ಲೂಕೋಸ್ ಕುಡಿಸಿ ರಕ್ತದ ಸಕ್ಕರೆ ಹೇಗೆ ಏರಿ ಇಳಿಯುತ್ತದೆಂದು ನೋಡುವುದು) ಇಟ್ಟುಕೊಂಡ ದಿನ ಬೆಳಗಿನ ಮೊದಲ ಕೆಲಸ ಪಂಜರದ ಹಾಸು ಬದಲಿಸುವುದು. ನಮ್ಮ ಸೀಮೆಯಲ್ಲಿ ಗೋವಿನಜೋಳದ ದಿಂಡಿನ ಪುಡಿಗೆ ಕೊರತೆಯಿಲ್ಲ, ಹಾಸಲು ಒಳ್ಳೆಯದೂ ಹೌದು. ಆದರೆ ಹಸಿದ ಇಲಿ ಅದನ್ನೇ ತಿನ್ನುತ್ತದೆ. ಪರೀಕ್ಷೆಗೆ ಮೊದಲಿನ ಆರು ತಾಸಿನ ಉಪವಾಸ ನೋಟ್‌ಬುಕ್ಕಿನಲ್ಲಷ್ಟೇ ಉಳಿಯುತ್ತದೆ. ಆ ದಿನಕ್ಕೆ ಕಾಗದದ ಚೂರು ಹಾಸಿ, ಮೇವು ತೆಗೆದು, ನೀರು ಬಿಡಬೇಕು. ರಾತ್ರಿಯಿಡೀ ಉಪವಾಸ ಕೆಡವುವುದು ನನಗೆ ಒಪ್ಪಿಗೆಯಿಲ್ಲ. ಇಲಿ ತಿನ್ನುವುದೇ ರಾತ್ರಿ ಹೊತ್ತು. ರಾತ್ರಿಯ ಉಪವಾಸ ಅದಕ್ಕೆ ಇಡೀ ದಿನದ ಹಸಿವು.

ಪ್ರಮಾಣ ಕಿಲೋ ತೂಕಕ್ಕೆ 2 ಗ್ರಾಂ ಗ್ಲೂಕೋಸ್. 40 ಪ್ರತಿಶತದ ದ್ರಾವಣವಾದರೆ 300 ಗ್ರಾಂ ಇಲಿಗೆ 1.5 ಎಂಎಲ್. ಬಾಯಿಂದ ನೇರ ಹೊಟ್ಟೆಗೆ ದ್ರಾವಣ ಇಳಿಸುವ ಗುಂಡುತುದಿಯ ಗವಾಜ್ ಸೂಜಿಯನ್ನು ಬಾಯಿಂದ ಕೊನೆಯ ಪಕ್ಕೆಲುಬಿನವರೆಗೆ ಹಿಡಿದು ಅಳೆದುಕೊಂಡು, ತಾನಾಗಿ ಇಳಿದರೆ ಮಾತ್ರ ಒಳಗೆ ಬಿಡಬೇಕು. ತಡೆದರೆ ಹೊರಗೆ ತೆಗೆಯಬೇಕು. ಒತ್ತಿದರೆ ಅದು ಶ್ವಾಸನಾಳಕ್ಕೆ ಹೋಗಬಹುದು, ಅನ್ನನಾಳವನ್ನೇ ಹರಿಯಬಹುದು. 0, 30, 60, 90, 120 ನಿಮಿಷಕ್ಕೆ ಬಾಲದ ರಕ್ತ. ಒಂದು ಇಲಿಗೂ ಮತ್ತೊಂದಕ್ಕೂ ಎರಡು ನಿಮಿಷದ ಅಂತರವಿಟ್ಟರೆ ಹನ್ನೆರಡು ಇಲಿ ಆರಾಮಾಗಿ ಮುಗಿಯುತ್ತವೆ. ಮೊದಲ ಹನಿ ಒರೆಸಿ ಎರಡನೆಯದನ್ನು ಸಕ್ಕರೆ ಅಳೆಯುವ ಸ್ಟ್ರಿಪ್ಪಿಗೆ ಮುಟ್ಟಿಸಿ. ಬಾಲ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಲೆಕ್ಕ ತಪ್ಪುತ್ತದೆ. ಎರಡು ತಳಿಗಳನ್ನು ಹೋಲಿಸುವಾಗ ಎರಡೂ ಗುಂಪಿನ ಇಲಿಗಳನ್ನು ಬೆರೆಸಿ ತೆಗೆದುಕೊಳ್ಳಿ. ಒಂದು ಗುಂಪನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಹೊತ್ತಿನ ವ್ಯತ್ಯಾಸವೇ ತಳಿಯ ವ್ಯತ್ಯಾಸದಂತೆ ಕಾಣುತ್ತದೆ. ಒಂದು ವಾರ ಮೊದಲೇ ಕೈಗೆ ರೂಢಿಯಾಗಿರದ ಇಲಿ ಹೆದರುತ್ತದೆ, ಹೆದರಿದರೆ ಸಕ್ಕರೆ ಏರುತ್ತದೆ.

ಬೊಜ್ಜಿನ ಇಲಿಯಲ್ಲಿ ಇನ್ನೊಂದು ತೊಡಕಿದೆ. 600 ಗ್ರಾಂ ತೂಗುವ ಇಲಿಗೆ 1.2 ಗ್ರಾಂ ಗ್ಲೂಕೋಸ್ ಹೋಗುತ್ತದೆ, ಆದರೆ ಅದರ ಸ್ನಾಯು ತೂಕದಷ್ಟೇ ಇಮ್ಮಡಿಯಾಗಿರುವುದಿಲ್ಲ. ಏರಿದ ಸಕ್ಕರೆಯಲ್ಲಿ ಸ್ವಲ್ಪ ಪಾಲು ರೋಗದ್ದಲ್ಲ, ನಾವೇ ಹೆಚ್ಚಾಗಿ ಕೊಟ್ಟದ್ದು. ಕೊಬ್ಬು ಬಿಟ್ಟ ತೂಕಕ್ಕೆ ತಕ್ಕಂತೆ ಕೊಡುವುದು ಮೇಲು.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ, ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಅಣ್ಣ-ತಂಗಿಯರನ್ನೇ ಕೂಡಿಸಿ ಬೆಳೆಸಿದ ತಳಿಯಲ್ಲಿ ಇಲಿ ಇಲಿಗೆ ವಂಶವಾಹಿಯ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲ. ಉಳಿಯುವ ಏರುಪೇರು ಮೇವು, ಶೆಕೆ, ನಮ್ಮ ಕೈ ಇವುಗಳದ್ದೇ. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಕೋಣೆ 22 ಡಿಗ್ರಿಯಿಂದ 30ರ ಮೇಲೇರಿದರೆ ಇಲಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ.

ಮತ್ತೊಂದು ಮಾತು: ಒಂದು ತಳಿ ಅಂದರೆ ಒಂದೇ ವಂಶವಾಹಿ ಜೋಡಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನ್‌ಐಎನ್‌ನ ಬೊಜ್ಜಿನ ತಳಿ ಡಬ್ಲ್ಯೂಎನ್‌ಐಎನ್/ಒಬಿಯಲ್ಲಿ ಕಂಡದ್ದು ಬೇರೆ ತಳಿಯಲ್ಲೂ ಕಾಣಬೇಕೆಂದಿಲ್ಲ. ತಳಿಯ ಹೆಸರು ಒಂದೇ ಆದರೂ ಸಾಲದು. ಏರುರಕ್ತದೊತ್ತಡದ ಎಸ್‌ಎಚ್‌ಆರ್ ತಳಿಯ ವಿವರ 1963ರಲ್ಲಿ ಜಪಾನಿನ ಕ್ಯೋಟೋದಿಂದ ಪ್ರಕಟವಾಯಿತು. ಅದರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ಗೆ ಹೋದ ಕವಲಿನಲ್ಲಿ ಕೊಬ್ಬಿನಾಮ್ಲ ಸಾಗಿಸುವ ಸಿಡಿ36 ಪ್ರೋಟೀನ್ ಇಲ್ಲ. ಜಪಾನಿನ ಮೂಲ ಕವಲಿನಲ್ಲಿ ಇದೆ. ಪಂಜರದ ಚೀಟಿಯಲ್ಲಿ ಬರೀ ಎಸ್‌ಎಚ್‌ಆರ್ ಎಂದು ಬರೆಯದೆ ಕವಲಿನ ಪೂರ್ತಿ ಹೆಸರು ಬರೆಯಿರಿ.