ತೂತಿರುವ ಚಿಪ್ಪು ಸಿಕ್ಕರೆ ತನ್ನಿ

ಮಂಡ್ಯದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕರಾವಳಿಗೆ ಟೂರ್ ಹೊರಟ ಮಕ್ಕಳು "ಏನು ತರೋಣ ಮಿಸ್?" ಅಂದರೆ ನನ್ನ ಉತ್ತರ ಯಾವಾಗಲೂ ಒಂದೇ: ತೂತಿರುವ ಚಿಪ್ಪು ಸಿಕ್ಕರೆ ತನ್ನಿ. ಮಲ್ಪೆ, ಮುರುಡೇಶ್ವರದ ಚಿಪ್ಪುಗಳಿಂದ ಲ್ಯಾಬಿನ ಡ್ರಾಯರ್ ತುಂಬಿದೆ. ಈ ಹುಚ್ಚು ಹಿಡಿಸಿದ್ದು ಆಕ್ಟೋಪಸ್.

ಬಂಡೆ ಸಂದಿಯೇ ಅದರ ಮನೆ. ಬೇಟೆ ಸಿಕ್ಕರೆ ಎಷ್ಟೋ ಸಲ ಮನೆಗೇ ತಂದು ತಿನ್ನುತ್ತದೆ. ಉಳಿದ ಚಿಪ್ಪು, ಏಡಿ ಓಡು ಎಲ್ಲ ಬಾಗಿಲಾಚೆ. ಸಂಶೋಧಕರಿಗೆ ಆ ರಾಶಿಯೇ ಊಟದ ಲೆಕ್ಕದ ಪುಸ್ತಕ. ಕೆರಿಬಿಯನ್ ಸಮುದ್ರದಲ್ಲಿ ಹೀಗೆ ರಾಶಿ ಕೆದಕಿ ನೋಡಿದಾಗ ಒಂದೇ ಜಾತಿಯ ಆಕ್ಟೋಪಸ್‌ಗಳು 75 ಬಗೆಯ ಪ್ರಾಣಿಗಳನ್ನು ತಿಂದಿದ್ದವು. ಆದರೆ ಒಂದೊಂದನ್ನೇ ನೋಡಿದರೆ, ಹಲವಕ್ಕೆ ತಮ್ಮದೇ ಇಷ್ಟದ ಕೆಲವೇ ತಿಂಡಿಗಳು. ನನಗಂತೂ ಇದು ಬಹಳ ಹಿಡಿಸಿತು.

ಹುಡುಕುವ ರೀತಿಯೂ ಚೆಂದ. ತೋಳುಗಳ ನಡುವಿನ ಚರ್ಮವನ್ನು ಕೊಡೆಯ ಹಾಗೆ ಬಿಚ್ಚಿ ಬಂಡೆಯ ಮೇಲೆ ಕವುಚಿಕೊಳ್ಳುತ್ತದೆ. ಆಮೇಲೆ ತೋಳಿನ ತುದಿಗಳನ್ನು ಸಂದಿಸಂದಿಗೆ ತೂರಿಸಿ ತಡಕುತ್ತದೆ. ಒಳಗೆ ಏನಿದೆ ಅಂತ ಕಣ್ಣಿಗೆ ಕಾಣಬೇಕಿಲ್ಲ. ತೋಳಿನ ಹೀರುಬಟ್ಟಲುಗಳಿಗೆ ಮುಟ್ಟಿದ್ದರ ರುಚಿಯೂ ಗೊತ್ತಾಗುತ್ತದೆ. ಹೀಗೆ ಮುಟ್ಟಿ ರುಚಿ ತಿಳಿಯುವ ಸೂಕ್ಷ್ಮ ಭಾಗಗಳನ್ನು, ಅಂದರೆ ರಿಸೆಪ್ಟರ್‌ಗಳನ್ನು, ಹಾರ್ವರ್ಡ್‌ನವರು 2020ರಲ್ಲಿ ಗುರುತಿಸಿದರು.

ಏಡಿ ತಿನ್ನುವುದನ್ನಂತೂ ಹೇಳಲೇಬೇಕು. ನಮ್ಮ ಕಡೆ ಗದ್ದೆ ನಳ್ಳಿ ಸಾರಿಗೆ ಅಮ್ಮ ಕಾಲುಗಳನ್ನು ಒರಳಲ್ಲಿ ಕುಟ್ಟಿ, ರಸ ಹಿಂಡಿ, ಸೋಸುತ್ತಾರೆ. ಆಕ್ಟೋಪಸ್ ಕುಟ್ಟುವುದೂ ಇಲ್ಲ, ಜಜ್ಜುವುದೂ ಇಲ್ಲ. ಏಡಿಯನ್ನು ತಬ್ಬಿ ಹಿಡಿದು, ಓಡಿನಲ್ಲೋ ಕಣ್ಣಿನ ಬಳಿಯೋ ಸಣ್ಣ ಗಾಯ ಮಾಡಿ, ವಿಷ ತುಂಬಿದ ಜೊಲ್ಲು ಬಿಡುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಏಡಿ ಸೋತು ಮಲಗುತ್ತದೆ. ಅದೇ ಜೊಲ್ಲು ಮಾಂಸವನ್ನು ಓಡಿನಿಂದ ಸಡಿಲ ಮಾಡುತ್ತದೆ. ಕೊನೆಗೆ ಹೊರಗೆ ಬೀಳುವ ಓಡು ಹೆಚ್ಚುಕಮ್ಮಿ ಇಡಿಯಾಗಿರುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ.

ಕಪ್ಪೆಚಿಪ್ಪಾದರೆ ಮೊದಲು ಎಳೆದು ಬಿಚ್ಚಲು ನೋಡುತ್ತದೆ. ಬಗ್ಗದಿದ್ದರೆ ಕೊರೆಯುತ್ತದೆ. ಬಾಯಲ್ಲಿ ಗಿಳಿ ಕೊಕ್ಕಿನಂಥ ಕೊಕ್ಕಿದೆ, ಜೊತೆಗೆ ಸಣ್ಣ ಹಲ್ಲುಗಳ ಪಟ್ಟಿಯಿದೆ. ತೂತು ಬಿದ್ದ ಮೇಲೆ ಅದರೊಳಗೆ ಜೊಲ್ಲು. ಚಿಪ್ಪನ್ನು ಮುಚ್ಚಿ ಹಿಡಿದಿದ್ದ ಸ್ನಾಯು ಸಡಿಲವಾಗುತ್ತದೆ, ಬಾಗಿಲು ತೆರೆಯುತ್ತದೆ.

ಇಷ್ಟಾದರೂ ಗಬಗಬ ನುಂಗುವ ಹಾಗಿಲ್ಲ. ಅದರ ಅನ್ನನಾಳ ಹಾದುಹೋಗುವುದು ಮಿದುಳಿನ ನಡುವೆ! ಅದಕ್ಕೇ ತುತ್ತು ಚಿಕ್ಕದಾಗಿರಬೇಕು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈಗ ಚಿಪ್ಪಿನ ವಿಷಯ. ನಮ್ಮ ಬೀಚ್‌ಗಳಲ್ಲಿ ಸಿಗುವ, ಅಂಚು ಓರೆಯಾಗಿ ಸವೆದ ದುಂಡನೆಯ ತೂತುಗಳು ಜಾಸ್ತಿ ಮರಳಲ್ಲಿರುವ ಒಂದು ಜಾತಿ ಸಮುದ್ರ ಬಸವನಹುಳುವಿನ ಕೆಲಸ. ಆಕ್ಟೋಪಸ್ ಕೊರೆದದ್ದು ತೀರಾ ಸಣ್ಣದು, ಅಷ್ಟು ದುಂಡಗೂ ಇರುವುದಿಲ್ಲ. ಬರಿಗಣ್ಣಿಗೆ ತಪ್ಪಿಹೋಗುತ್ತದೆ. ಗೋಕರ್ಣದ ಕಡೆ ಹೋಗುವವರು ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಇಳಿತದ ಹೊತ್ತಿನಲ್ಲಿ ಬಂಡೆ ಸಂದಿಯ ಮುಂದೆ ಚಿಪ್ಪಿನ ರಾಶಿ ಕಂಡರೆ ಕೂತು ನೋಡಿ, ಫೋಟೋ ತೆಗೆಯಿರಿ. ಸಂದಿಯೊಳಗೆ ಮಾತ್ರ ಕೈ ಹಾಕಬೇಡಿ.