ಮಂಚದ ಕೆಳಗಿನ ದೀಪಾವಳಿ

22 ಅಕ್ಟೋಬರ್ 2025, ಬುಧವಾರ, ಬಲಿಪಾಡ್ಯಮಿ
ಮೈಸೂರು

ಬೆಳಗ್ಗೆ ಅತ್ತೆ ಹೊಸ್ತಿಲ ಎರಡೂ ಬದಿಗೆ ಸಗಣಿ ಉಂಡೆ ಇಟ್ಟು, ಚೆಂಡುಹೂವು ಸಿಕ್ಕಿಸಿ ಒಳಗೆ ಬರುವಷ್ಟರಲ್ಲಿ ನಮ್ಮ ನಾಯಿ ಕೆಂಪಿ ಬಂದು ಒಂದು ಉಂಡೆಯನ್ನು ಮೂಸುತ್ತಾ ನಿಂತಿದ್ದಳು. ಅವಳ ಹಿಂದೆಯೇ ನನ್ನ ಮಗ. ಅವರಿಬ್ಬರನ್ನೂ ಬಿಸಿಲಲ್ಲಿ ನೋಡಿ ನನಗೆ ಜೀವ ಬಂದ ಹಾಗಾಯಿತು. ಸೋಮವಾರ ಸಂಜೆ ಮಂಚದ ಕೆಳಗೆ ಸೇರಿದವರು ನಿನ್ನೆ ರಾತ್ರಿವರೆಗೂ ಹೆಚ್ಚು ಕಡಿಮೆ ಅಲ್ಲೇ ಇದ್ದರು. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ.

ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಬಂದಿಲ್ಲ, ಬೇಕಾದ್ದನ್ನು ಚಿತ್ರದ ಕಾರ್ಡ್ ಕೊಟ್ಟು ಕೇಳುತ್ತಾನೆ. ಜೋರು ಸದ್ದು ಅಂದರೆ ಅವನಿಗೆ ಬರೀ ಕಿರಿಕಿರಿ ಅಲ್ಲ, ನೋವು. ಕುಕ್ಕರ್ ಕೂಗುವ ಹೊತ್ತಿಗೆ ಎರಡೂ ಅಂಗೈ ಕಿವಿಗೆ ಒತ್ತಿಕೊಂಡು ಹಿತ್ತಲಿಗೆ ಓಡುತ್ತಾನೆ. ಅಂಥವನಿಗೆ ಬೀದಿಯಲ್ಲಿ ಪಟಾಕಿ ಸರ ಹಚ್ಚಿದರೆ ಹೇಗಿರಬೇಡ!

ಕೆಂಪಿ ಬಂದಿದ್ದು 2022ರ ಮಳೆಗಾಲದಲ್ಲಿ. ಕುಕ್ಕರಹಳ್ಳಿ ಕೆರೆ ಕಡೆ ವಾಕಿಂಗ್ ಹೋದ ನಮ್ಮ ಯಜಮಾನರು ಚರಂಡಿ ಪಕ್ಕ ಬಿದ್ದಿದ್ದ ಅವಳನ್ನು ಗೋಣಿಚೀಲದಲ್ಲಿ ಸುತ್ತಿ ತಂದರು. ಹಿಂದಿನ ಕಾಲಿನ ಮೇಲೆ ಯಾವುದೋ ಗಾಡಿ ಹತ್ತಿತ್ತು. ಮೈಯೆಲ್ಲ ಕಜ್ಜಿ. ಕಾಲು ಉಳಿಯಲಿಲ್ಲ, ಡಾಕ್ಟರು ತೆಗೆದೇಬಿಟ್ಟರು. ಬಣ್ಣ ನೋಡಿ ಅತ್ತೆ ಹೆಸರಿಟ್ಟರು.

ಬೇಡ ಅಂದವಳು ನಾನು. ಕಚ್ಚಿದರೆ? ಪರಚಿದರೆ? ಬೇರೆ ಮಕ್ಕಳಾದರೆ ಅಳುತ್ತಾ ಬಂದು ಹೇಳುತ್ತಾರೆ. ಇವನು ಹೇಳುವುದಿಲ್ಲ. ರೇಬೀಸ್ ಲಕ್ಷಣ ಒಂದು ಸಲ ಕಾಣಿಸಿಕೊಂಡರೆ ಉಳಿಸಿಕೊಳ್ಳೋಕೆ ಆಗಲ್ಲ ಅನ್ನುವುದು ಗೊತ್ತಿದ್ದ ಮೇಲೆ ಯಾವ ತಾಯಿಗೆ ಧೈರ್ಯ ಬರುತ್ತದೆ? ರೇಬೀಸ್ ಇಂಜೆಕ್ಷನ್, ನಾಯಿಗಳ ಬೇರೆ ರೋಗಗಳಿಗೆ ಹಾಕಿಸುವ ಸೆವೆನ್ ಇನ್ ಒನ್ ಲಸಿಕೆ, ಜಂತುಹುಳದ ಔಷಧಿ, ಎಲ್ಲ ಆಗಿ ಕಜ್ಜಿ ವಾಸಿಯಾಗುವವರೆಗೆ ಅವಳು ಹಿತ್ತಲಲ್ಲೇ ಇದ್ದಳು. ಈಗಲೂ ಪ್ರತಿ ವರ್ಷ ರೇಬೀಸ್ ಲಸಿಕೆ ತಪ್ಪಿಸುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದು ನಾಯಿ ಸಾಕುವವರು ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡಿ.

ಆ ದಿನಗಳಲ್ಲಿ ನಾವೆಲ್ಲ ಅವಳನ್ನು ಒಲಿಸಿಕೊಳ್ಳಲು ಏನೇನೋ ಮಾಡಿದೆವು. ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಮುಖ ನೋಡಿ, ಕೈ ಚಾಚಿ, ಬಾ ಬಾ ಅಂತ ಕರೆದೆವು. ಕರೆದಷ್ಟೂ ಅವಳು ಗೋಡೆಗೆ ಅಂಟಿಕೊಂಡಳು. ಮಗ ಮಾತ್ರ ಕರೆಯಲೇ ಇಲ್ಲ. ಬಾಟಲಿ ಮುಚ್ಚಳಗಳ ಡಬ್ಬ ತಂದು, ಅವಳಿಗೆ ಬೆನ್ನು ಹಾಕಿ ಕೂತು, ಯಾವಾಗಿನಂತೆ ಒಂದರ ಪಕ್ಕ ಒಂದು ಸಾಲಾಗಿ ಜೋಡಿಸುತ್ತಿದ್ದ. ಐದನೇ ದಿನವೋ ಆರನೇ ದಿನವೋ ನಾನು ಬಟ್ಟೆ ಒಣಹಾಕುತ್ತಿದ್ದೆ. ಕೆಂಪಿ ಎದ್ದಳು. ಮೂರು ಕಾಲಲ್ಲಿ ಕುಂಟುತ್ತಾ ಬಂದು ಅವನ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದಳು. ಅವನು ತಿರುಗಿ ನೋಡಲಿಲ್ಲ. ಮುಚ್ಚಳ ಜೋಡಿಸುವುದನ್ನೂ ನಿಲ್ಲಿಸಲಿಲ್ಲ.

ಇದನ್ನು ಹೇಳಿದಾಗ ಪಶುವೈದ್ಯರು ವಿವರಿಸಿದರು. ಹೆದರಿದ ನಾಯಿಗೆ ಗುರುತಿಲ್ಲದವರು ನೆಟ್ಟ ಕಣ್ಣಲ್ಲಿ ನೋಡುವುದು, ತಲೆ ಮೇಲೆ ಕೈ ತರುವುದು ಅಂದರೆ ಬೆದರಿಕೆ. ಮುಖ ಆಚೆ ತಿರುಗಿಸಿ ಸುಮ್ನೆ ಕೂತವರು ಅಂದರೆ ತೊಂದರೆ ಮಾಡದವರು.

ಮನೆಗೆ ಬಂದು ಮಗನ ಫೈಲು ತೆಗೆದು ನೋಡಿದೆ. ಮೂರು ವರ್ಷದವನಿದ್ದಾಗಿನಿಂದ ಬರೆದ ಒಂದೊಂದು ರಿಪೋರ್ಟಿನಲ್ಲೂ ಅದೇ ಸಾಲು: ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ. ಒಂದು ಶಾಲೆಯವರು ಇದೇ ಕಾರಣ ಹೇಳಿ ಸೀಟು ಕೊಡಲಿಲ್ಲ. ನಾನೂ ದಿನಕ್ಕೆ ನೂರು ಸಲ ಅವನ ಗಲ್ಲ ಹಿಡಿದು, ಇಲ್ಲಿ ನೋಡು ಪುಟ್ಟ, ಅಮ್ಮನ್ನ ನೋಡು ಅನ್ನುತ್ತಿದ್ದೆ. ಅವನಲ್ಲಿ ನಾವೆಲ್ಲ ಕೊರತೆ ಅಂತ ಬರೆದದ್ದನ್ನೇ ಕೆಂಪಿ ನಂಬಿದ್ದಳು. ಅವತ್ತಿನಿಂದ ಗಲ್ಲ ಹಿಡಿಯುವುದನ್ನು ಬಿಟ್ಟಿದ್ದೇನೆ.

ಎಲ್ಲವೂ ಸಲೀಸಾಗಿ ಆಯಿತು ಅಂತಲ್ಲ. ಒಮ್ಮೆ ಅವನು ಅವಳ ಕಿವಿಯನ್ನು ಗಟ್ಟಿಯಾಗಿ ಹಿಡಿದು ಬಿಡಲೇ ಇಲ್ಲ. ಅವಳು ಗುರ್ ಅಂದಳು. ನನ್ನ ಎದೆ ಧಸಕ್ಕೆಂದಿತು. ತಪ್ಪು ನನ್ನದೇ, ಅವರಿಬ್ಬರನ್ನೇ ಬಿಟ್ಟು ಒಳಗೆ ಹೋಗಿದ್ದೆ. ಆಮೇಲೆ ಮೆಟ್ಟಿಲ ಕೆಳಗಿನ ಜಾಗ ಅವಳಿಗೆ ಅಂತ ಬಿಟ್ಟೆವು. ಅವಳು ಅಲ್ಲಿ ಹೋಗಿ ಮಲಗಿದರೆ ಅವನು ಹೋಗಬಾರದು. ಇದಕ್ಕೂ ಒಂದು ಕಾರ್ಡ್ ಮಾಡಿದೆವು. ಕಲಿಯೋಕೆ ನಾಲ್ಕು ತಿಂಗಳು ಹಿಡಿಯಿತು.

ನಾಯಿ ಬಂದ ಮೇಲೆ ಮಾತು ಬಂತಾ ಅಂತ ನೆಂಟರು ಕೇಳುತ್ತಾರೆ. ಇಲ್ಲ. ಆದರೆ ನಾನು ಮರೆಯಲಾರದ ದಿನ ಒಂದಿದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಥೆರಪಿಯಲ್ಲಿ ಎರಡು ಕಾರ್ಡ್ ಸೇರಿಸಿ ಕೇಳುವುದನ್ನು ತುಂಬ ದಿನದಿಂದ ಹೇಳಿಕೊಡುತ್ತಿದ್ದರು. ಅವನು ಒಂದನ್ನೇ ಕೊಡುತ್ತಿದ್ದ. ಕಳೆದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದು ಕಟ್ಟೆ ಮೇಲೆ ಒಂದು ಕಾರ್ಡ್ ಇಟ್ಟ. ನೀರು. ಲೋಟ ತೆಗೆದುಕೊಂಡೆ. ನನ್ನ ಕೈ ತಳ್ಳಿ, ಪಕ್ಕದಲ್ಲಿ ಇನ್ನೊಂದು ಇಟ್ಟ. ಕೆಂಪಿಯ ಫೋಟೋ. ಹೋಗಿ ನೋಡಿದರೆ ಅವಳ ಬಟ್ಟಲು ಒಣಗಿತ್ತು.

ಈಗ ಸೋಮವಾರದ ವಿಷಯ. ಪಟಾಕಿಗೆ ರಾತ್ರಿ 8ರಿಂದ 10 ಅಂತ ನಿಯಮವೇನೋ ಇದೆ. ನಮ್ಮ ಬೀದಿಯಲ್ಲಿ ಆರಕ್ಕೇ ಶುರುವಾಯಿತು. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಜೋರಾಗಿ ಹಾಕಿದ್ದೆ. ಆದರೂ ಎಷ್ಟು ತಡೆಯುತ್ತದೆ? ಮನುಷ್ಯರ ಕಿವಿಗೆ 20,000 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ತನಕದ ಕೀರಲು ಸದ್ದು ಕೇಳಿದರೆ ನಾಯಿಗೆ ಸುಮಾರು 45,000 ತನಕ ಕೇಳುತ್ತದಂತೆ. ಮೊದಲ ವರ್ಷ ಅವನು ಬಚ್ಚಲುಮನೆಯಲ್ಲಿ, ಅವಳು ವಾಷಿಂಗ್ ಮಷೀನ್ ಹಿಂದೆ, ಬೇರೆ ಬೇರೆ ನಡುಗಿದ್ದರು. ಆಮೇಲಿನ ವರ್ಷದಿಂದ ಮಂಚದ ಕೆಳಗೆ ಒಟ್ಟಿಗೆ.

ಮೊದಲ ಸರ ಸಿಡಿದ ಮೇಲೆ ನಾನು ನೆಲದ ಮೇಲೆ ಬೋರಲು ಮಲಗಿ ಬಗ್ಗಿ ನೋಡಿದೆ. ಕೆಂಪಿಯ ನಾಲಿಗೆ ಹೊರಗೆ, ಜೊಲ್ಲು ಸುರಿದು ನೆಲ ಒದ್ದೆ. ಅವನು ಗೋಡೆ ಕಡೆ ಮುಖ ಮಾಡಿ ಮೂಗಿನಲ್ಲೇ ಹೂಂ ಅಂತ ಒಂದೇ ಸಮನೆ ರಾಗ ಎಳೆಯುತ್ತಿದ್ದ. ಇಷ್ಟು ವರ್ಷ ಸದ್ದಾದಾಗ ಅವನ ಎರಡೂ ಕೈ ಅವನ ಎರಡೂ ಕಿವಿ ಮೇಲೆ ಇರುವುದನ್ನೇ ನೋಡಿದ್ದೇನೆ. ಸೋಮವಾರ ಎಡಗೈ ಮಾತ್ರ ಅವನ ಕಿವಿ ಮೇಲಿತ್ತು. ಬಲಗೈ ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡೇ, ಕೆಂಪಿಯ ಕಿವಿ ಮೇಲೆ ಇಟ್ಟಿದ್ದ. ಹಿಡಿದಿರಲಿಲ್ಲ. ಅಂಗೈ ಅಗಲಿಸಿ ಮುಚ್ಚಿದ್ದ.

ಅವನ ಇನ್ನೊಂದು ಕಿವಿ ಹಾಗೇ ತೆರೆದಿತ್ತು, ಅಲ್ವಾ. ಮುಟ್ಟಿದರೆ ಬೇಡ ಅನ್ನುತ್ತಾನೋ ಅಂತ ಹೆದರಿಕೆಯಲ್ಲೇ ತೆವಳಿ ಒಳಗೆ ಹೋಗಿ ನನ್ನ ಕೈ ಅದರ ಮೇಲೆ ಇಟ್ಟೆ. ಬೇಡ ಅನ್ನಲಿಲ್ಲ. ಹತ್ತೂವರೆವರೆಗೆ ಮೂವರೂ ಹಾಗೇ ಇದ್ದೆವು.

ಈಗ ಆರು ಗಂಟೆ ಆಗ್ತಾ ಬಂತು. ಆಚೆ ಬೀದಿಯಲ್ಲಿ ಒಂದೆರಡು ಶುರುವಾಗಿವೆ. ಚಾಪೆ ಹಾಸಿದ್ದೇನೆ, ಕೆಂಪಿಯ ನೀರಿನ ಬಟ್ಟಲೂ ಒಳಗೇ ಇಟ್ಟಿದ್ದೇನೆ. ಮಗ ಬಂದು ಚಾಪೆಯ ತುದಿ ಗೋಡೆಗೆ ನೇರವಾಗಿ ಸರಿಮಾಡಿ ಹೋದ. ಬರೆಯುವುದು ಸಾಕು, ಹೋಗುತ್ತೇನೆ.